ಅಕ್ಕನಿಗೊಂದು ಕುದುರೆ

ನನಗೆ ಎರಡು ಹುಟ್ಟಿದ ದಿನಗಳಿವೆ. ಶಾಲೆಯ ದಾಖಲೆಯ ಪ್ರಕಾರ 1970ರ ಜೂನ್ 1. ಮನೆಯ ಜಾತಕದ ಪ್ರಕಾರ ಅದೇ ವರ್ಷದ ಸಂಕ್ರಾಂತಿಯ ಮಾರನೆಯ ದಿನ. ಮೊದಲನೆಯದನ್ನು ಬರೆದವರು ನನ್ನನ್ನು ಒಂದನೆಯ ತರಗತಿಗೆ ಸೇರಿಸಿಕೊಂಡ ಮೇಷ್ಟ್ರು. ನನ್ನ ಓರಗೆಯ ಹಳ್ಳಿಯವರಲ್ಲಿ ಹೀಗೆ ಜೂನ್ ಒಂದರಂದೇ ಹುಟ್ಟಿದವರು ಬಹಳ ಮಂದಿ ಇದ್ದೇವೆ. ಐವತ್ತೈದು ವರ್ಷಗಳ ಕಾಲ ಈ ಎರಡು ದಿನಗಳಿಂದ ನನಗೆ ಯಾವ ಗೊಂದಲವೂ ಆಗಿರಲಿಲ್ಲ. ಗೊಂದಲವಾದದ್ದು ಸಿಂಗಪುರದ ಒಂದು ಚಿನ್ನದಂಗಡಿಯಲ್ಲಿ.

ಮಗಳು, ಅಳಿಯ ಅಲ್ಲಿದ್ದಾರೆ. 2025ರ ಮೇ ತಿಂಗಳ ರಜೆಯಲ್ಲಿ ಹೋಗಿದ್ದೆ. ಚೈನಾಟೌನಿನಲ್ಲಿರುವ ಮಾರಿಯಮ್ಮನ ಗುಡಿಗೆ ಕರೆದುಕೊಂಡು ಹೋದ ಮಗಳು, ಕೈಮುಗಿದು ಹೊರಗೆ ಬಂದ ಮೇಲೆ, ‘ಅಪ್ಪ, ಅತ್ತೆಗೆ ಏನಾದರೂ ತಗೊಳ್ಳಬೇಕು ಅಂತಿದ್ರಲ್ಲ, ಬನ್ನಿ’ ಎಂದು ಹತ್ತಿರದ ಅಂಗಡಿಯೊಂದಕ್ಕೆ ನುಗ್ಗಿದಳು. ಅತ್ತೆ ಎಂದರೆ ನನ್ನ ಅಕ್ಕ.

ಗಾಜಿನ ಪೆಟ್ಟಿಗೆಯೊಳಗೆ ಹೆಬ್ಬೆರಳ ಗಾತ್ರದ ಪ್ರಾಣಿಗಳು ಸಾಲಾಗಿ ಕುಳಿತಿದ್ದವು. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ. ಕೆಲವು ಚಿನ್ನದವು, ಕೆಲವು ಹಸಿರು ಕಲ್ಲಿನವು. ಸರಕ್ಕೆ ಹಾಕುವ ಇಂಥ ಪದಕಕ್ಕೆ ನಮ್ಮ ಕಡೆ ‘ಡಾಲರ್’ ಎನ್ನುತ್ತಾರೆ. ಅದನ್ನು ಡಾಲರ್ ಕೊಟ್ಟೇ ಕೊಳ್ಳುವ ಊರು ಅದು! ಕೆಂಪು ದಾರದಲ್ಲಿ ಪೋಣಿಸಿದ ಪುಟ್ಟ ಪ್ರಾಣಿಗಳ ಕೈಬಳೆಗಳಿದ್ದವು. ಹಸುಗೂಸುಗಳ ಕೊರಳಿಗೆ ಕಟ್ಟುವ, ಬೀಗದ ಆಕಾರದ ಬೆಳ್ಳಿ ಪದಕಗಳಿದ್ದವು. ಮಗುವಿನ ಆಯುಸ್ಸನ್ನು ಬೀಗ ಹಾಕಿ ಕಾಪಾಡಲಿ ಎಂಬ ಆಸೆಯಂತೆ. ನಮ್ಮ ಮಕ್ಕಳ ಉಡಿದಾರ, ದೃಷ್ಟಿಮಣಿಗಳು ನೆನಪಾದವು.

ಅಂಗಡಿಯ ಯಜಮಾನರು ಎಪ್ಪತ್ತರ ಆಸುಪಾಸಿನವರು. ಮೊದಲು ನನ್ನ ಹುಟ್ಟಿದ ವರ್ಷ ಕೇಳಿದರು. ‘1970’ ಎಂದೆ. ‘ನಾಯಿ, ಲೋಹದ ನಾಯಿ’ ಎಂದರು. ‘ಆದರೆ ಹುಟ್ಟಿದ್ದು ಜನವರಿಯಲ್ಲಿ’ ಎಂದೆ. ಅವರು ತಲೆಯಾಡಿಸಿ, ‘ಹಾಗಾದರೆ ಹುಂಜ, ಮಣ್ಣಿನ ಹುಂಜ’ ಎಂದು ತಿದ್ದಿದರು. ಆ ವರ್ಷ ಚೀನೀ ಹೊಸ ವರ್ಷ ಆರಂಭವಾದದ್ದು ಫೆಬ್ರವರಿ 6ರಂದು. ನಾನು ಮೂರು ವಾರ ಮೊದಲೇ ಹುಟ್ಟಿಬಿಟ್ಟಿದ್ದೆ. ಸರ್ಕಾರದ ಲೆಕ್ಕದಲ್ಲಿ ನಾಯಿ, ಅಮ್ಮನ ಲೆಕ್ಕದಲ್ಲಿ ಹುಂಜ! ಮೇಷ್ಟ್ರು ಬರೆದ ಒಂದು ತಾರೀಖು ನನ್ನ ಸ್ವಭಾವ, ಅದೃಷ್ಟ, ಧರಿಸಬೇಕಾದ ಕಲ್ಲು ಎಲ್ಲವನ್ನೂ ಬದಲಾಯಿಸಬಲ್ಲದೆಂದು ತಿಳಿದು ನಗು ಬಂತು.

ಪ್ರಾಣಿಯೇನೋ ಸರಿ, ಈ ಮಣ್ಣು, ಲೋಹ ಎಲ್ಲಿಂದ ಬಂದವು? ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತ. ಮಗಳ ಸಹಾಯದಿಂದ ಯಜಮಾನರನ್ನು ಕೇಳಿ, ಮನೆಗೆ ಬಂದು ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿಗಳಿಗೆ ಹೇಳಿಬಿಡುತ್ತೇನೆ. ಲೆಕ್ಕ ಬಹಳ ಚೆನ್ನಾಗಿದೆ.

ಚೀನೀಯರಿಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ವಗಳು. ಪ್ರತಿಯೊಂದಕ್ಕೂ ಯಾಂಗ್, ಯಿನ್ ಎಂಬ ಎರಡು ಮುಖ. ಒಟ್ಟು ಹತ್ತು. ಇನ್ನೊಂದು ಕಡೆ ಹನ್ನೆರಡು ಪ್ರಾಣಿಗಳು. ಹತ್ತರ ಚಕ್ರ ಮತ್ತು ಹನ್ನೆರಡರ ಚಕ್ರ ಒಟ್ಟೊಟ್ಟಿಗೆ ತಿರುಗುತ್ತಾ ಹೋದರೆ ಮತ್ತೆ ಅದೇ ಜೋಡಿ ಬರುವುದು ಯಾವಾಗ? ಹತ್ತು ಹನ್ನೆರಡಲೆ ನೂರಿಪ್ಪತ್ತು ಎಂದವರು ಸ್ವಲ್ಪ ತಡೆಯಬೇಕು. ಲ.ಸಾ.ಅ. ತೆಗೆಯಿರಿ. ಅರವತ್ತು! ನಮ್ಮ ಪ್ರಭವದಿಂದ ಅಕ್ಷಯದವರೆಗಿನ ಸಂವತ್ಸರಗಳೂ ಅರವತ್ತೇ. ಚೀನೀಯರ ಈಗಿನ ಚಕ್ರ ಆರಂಭವಾದದ್ದು 1984ರಲ್ಲಿ, ನಮ್ಮ ಪ್ರಭವ ಬಂದದ್ದು 1987ರಲ್ಲಿ. ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 11.86 ವರ್ಷ ತೆಗೆದುಕೊಳ್ಳುತ್ತದೆ. ನಮ್ಮ ಸಂವತ್ಸರ ಚಕ್ರಕ್ಕೆ ಅದರ ಐದು ಸುತ್ತುಗಳೇ ಆಧಾರ. ಚೀನೀಯರೂ ಅದನ್ನು ‘ವರ್ಷದ ನಕ್ಷತ್ರ’ ಎಂದೇ ಕರೆದರು.

ತತ್ವವನ್ನು ಕಂಡುಹಿಡಿಯುವುದು ಇನ್ನೂ ಸುಲಭ. ಹುಟ್ಟಿದ ಇಸವಿಯ ಕೊನೆಯ ಅಂಕಿ ನೋಡಿದರೆ ಸಾಕು. 0 ಅಥವಾ 1 ಇದ್ದರೆ ಲೋಹ. 2, 3 ನೀರು. 4, 5 ಮರ. 6, 7 ಬೆಂಕಿ. 8, 9 ಮಣ್ಣು. ಪ್ರಾಣಿ ಬೇಕಿದ್ದರೆ ಇಸವಿಯನ್ನು 12ರಿಂದ ಭಾಗಿಸಿ. ಶೇಷ 4 ಬಂದರೆ ಇಲಿ, 5 ಬಂದರೆ ಎತ್ತು, ಹೀಗೇ ಮುಂದೆ. 11ರ ಆಡಿನ ನಂತರ 0 ಕೋತಿ, 1 ಹುಂಜ, 2 ನಾಯಿ, 3 ಹಂದಿ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಮಾತ್ರ ನನ್ನ ಹಾಗೆ ವಿಚಾರಿಸಿಕೊಳ್ಳಬೇಕು.

ಈ ಐದನ್ನು ನಮ್ಮ ಪಂಚಭೂತಗಳೆಂದು ತಿಳಿದರೆ ತಪ್ಪಾಗುತ್ತದೆ. ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ ಎಂದಾಗ ನಮ್ಮವರು ಕೇಳಿದ ಪ್ರಶ್ನೆ, ಜಗತ್ತು ಯಾವುದರಿಂದ ಆಗಿದೆ ಎಂದು. ಚೀನೀಯರ ‘ವು ಶಿಂಗ್’ ಎಂಬ ಮಾತಿನಲ್ಲಿ ‘ಶಿಂಗ್’ ಎಂದರೆ ನಡೆ, ಚಲನೆ. ಜಗತ್ತು ಹೇಗೆ ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. ಮರದಿಂದ ಬೆಂಕಿ, ಬೆಂಕಿಯಿಂದ ಬೂದಿ ಎಂಬ ಮಣ್ಣು, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮರ. ಇದು ಹುಟ್ಟಿಸುವ ಚಕ್ರ. ಗೆಲ್ಲುವ ಚಕ್ರ ಬೇರೆ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ, ಮರದ ಬೇರು ಮಣ್ಣನ್ನು ಸೀಳುತ್ತದೆ, ಮಣ್ಣಿನ ಒಡ್ಡು ನೀರನ್ನು ತಡೆಯುತ್ತದೆ. ಲೋಹದಿಂದ ನೀರು ಎಂಬುದು ಮಾತ್ರ ವಿಚಿತ್ರವಾಗಿ ಕಾಣುತ್ತದೆ. ತಣ್ಣೀರು ತುಂಬಿದ ಹಿತ್ತಾಳೆ ತಂಬಿಗೆಯ ಹೊರಮೈಯಲ್ಲಿ ಹನಿ ಮೂಡುವುದನ್ನು ನೋಡಿದ್ದೀರಲ್ಲ? ಹಿಂದಿನವರ ಕಣ್ಣಿಗೆ ಲೋಹವೇ ನೀರು ಹೆತ್ತಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ನೀರು ಗಾಳಿಯ ತೇವದಿಂದ ಬಂದದ್ದೆಂದು ಹೇಳುವುದು ನಮ್ಮ ಎಂಟನೆಯ ತರಗತಿಯ ಪಾಠ.

ಒಡವೆಯೊಳಗೆ ಈ ತತ್ವಗಳು ಬರುವುದು ಬಣ್ಣದ ಮೂಲಕ. ಮರಕ್ಕೆ ಹಸಿರು, ಬೆಂಕಿಗೆ ಕೆಂಪು, ಮಣ್ಣಿಗೆ ಹಳದಿ, ಲೋಹಕ್ಕೆ ಬಿಳಿ, ನೀರಿಗೆ ಕಪ್ಪು. ಹೀಗಾಗಿ ಮರದ ಕೊರತೆ ಇದ್ದವರಿಗೆ ಹಸಿರು ಜೇಡ್ ಕಲ್ಲು, ಬೆಂಕಿ ಬೇಕಾದವರಿಗೆ ಕೆಂಪು ಅಗೇಟು, ನೀರು ಬೇಕಾದವರಿಗೆ ಕಪ್ಪು ಕಲ್ಲು. ಲೋಹ ಎಂಬುದಕ್ಕೂ ಚಿನ್ನ ಎಂಬುದಕ್ಕೂ ಚೀನೀ ಬರಹದಲ್ಲಿ ಒಂದೇ ಅಕ್ಷರ. ನಮ್ಮಲ್ಲಿ ಹರಳಿನುಂಗುರ ಸೂಚಿಸುವವರ ವಿಧಾನವೇ. ಗ್ರಹದ ಬದಲು ತತ್ವ, ಅಷ್ಟೆ.

ನಾವಿದ್ದಾಗಲೇ ಒಬ್ಬ ತಾಯಿ ಮಗನೊಂದಿಗೆ ಬಂದರು. ಹುಡುಗ ಬೆನ್ನಮೇಲಿನ ಪುಸ್ತಕದ ಚೀಲವನ್ನೂ ಇಳಿಸಿರಲಿಲ್ಲ. 2025 ಹಾವಿನ ವರ್ಷ. ಹುಡುಗ ಹುಟ್ಟಿದ್ದು 2013ರಲ್ಲಿ, ಅದೂ ಹಾವಿನ ವರ್ಷ. ತನ್ನದೇ ಪ್ರಾಣಿಯ ವರ್ಷ ಮತ್ತೆ ಬಂದರೆ ಅದು ಶುಭವಲ್ಲವೆಂದು, ಕೆಂಪನ್ನು ಧರಿಸಬೇಕೆಂದು ಚೀನೀಯರ ನಂಬಿಕೆ. ಅದರ ಮೇಲೆ ಅವನಿಗೆ ಆ ವರ್ಷವೇ ಪಿ.ಎಸ್.ಎಲ್.ಇ. ಪರೀಕ್ಷೆ. ಸಿಂಗಪುರದಲ್ಲಿ ಆರನೆಯ ತರಗತಿಯ ಕೊನೆಗೆ ಎಲ್ಲ ಮಕ್ಕಳೂ ಬರೆಯುವ, ಮುಂದೆ ಯಾವ ಶಾಲೆ ಎಂದು ನಿರ್ಧರಿಸುವ ಪರೀಕ್ಷೆ. ನಮ್ಮ ಎಸ್ಸೆಸ್ಸೆಲ್ಸಿಯ ಹಾಗೆ ಮನೆಮಂದಿಯೆಲ್ಲ ನಿದ್ದೆಗೆಡುವುದು. ತಾಯಿ ಕೆಂಪು ದಾರದ ಕೈಬಳೆ ಕೊಂಡು ಅಲ್ಲೇ ಮಗನ ಕೈಗೆ ಕಟ್ಟಿದರು. ಆಕೆಯ ಮುಖ ನೋಡಿದಾಗ ನಗಲು ಮನಸ್ಸಾಗಲಿಲ್ಲ. ಪರೀಕ್ಷೆಯ ದಿನ ಮಗುವಿನ ಹಣೆಗೆ ಕುಂಕುಮ ಹಚ್ಚಿ ಕಳಿಸುವ ತಾಯಂದಿರನ್ನು ನಾನು ಮೂವತ್ತು ವರ್ಷ ಶಾಲೆಯ ಗೇಟಿನಲ್ಲಿ ನೋಡಿದ್ದೇನೆ. ಆದರೂ ಮೇಷ್ಟ್ರ ತಲೆ ಸುಮ್ಮನಿರುತ್ತದೆಯೇ? ಆ ಹುಡುಗನ ತರಗತಿಯವರೆಲ್ಲ ಹೆಚ್ಚು ಕಡಿಮೆ ಒಂದೇ ವರ್ಷ ಹುಟ್ಟಿದವರು. ಹಾಗಾದರೆ ದೇಶದ ಆರನೆಯ ತರಗತಿಗೆ ತರಗತಿಯೇ ಹಾವುಗಳು. ದುರದೃಷ್ಟ ಎಲ್ಲರಿಗೂ ಒಂದೇ ಸಮನಾದರೆ, ಒಬ್ಬ ಮೊದಲನೆಯವನಾಗಿ ಇನ್ನೊಬ್ಬ ಹಿಂದೆ ಬೀಳುವುದು ಹೇಗೆ?

ಅವರು ಹೋದ ಮೇಲೆ ನನ್ನ ಸರದಿ. ‘ಅಕ್ಕನಿಗೆ’ ಎಂದೆ. ‘ಹುಟ್ಟಿದ ವರ್ಷ?’ ‘1966, ಮಳೆಗಾಲ.’

ಯಜಮಾನರ ಕೈ ಕುದುರೆಗಳ ಸಾಲಿನ ಮೇಲೆ ನಿಂತುಬಿಟ್ಟಿತು. ‘ಬೆಂಕಿಯ ಕುದುರೆ’ ಎಂದು ಮೆಲ್ಲನೆ ಹೇಳಿ ಮಗಳ ಕಡೆ ನೋಡಿದರು. ಪ್ರಾಣಿಗಳಿಗೂ ಸ್ವಂತದ ತತ್ವ ಒಂದೊಂದಿದೆ. ಕುದುರೆ ತಾನೇ ಬೆಂಕಿ, 1966 ಎಂಬ ವರ್ಷವೂ ಬೆಂಕಿ. ಬೆಂಕಿಯ ಮೇಲೆ ಬೆಂಕಿ. ‘ಕುದುರೆ ಬೇಡ, ಕಪ್ಪು ಕಲ್ಲಿನದು ತೆಗೆದುಕೊಳ್ಳಿ, ನೀರು ಬೆಂಕಿಯನ್ನು ತಣಿಸುತ್ತದೆ. ಇಲ್ಲವೇ ಆಡು ತೆಗೆದುಕೊಳ್ಳಿ, ಕುದುರೆಗೆ ಅದು ಸ್ನೇಹಿತ’ ಎಂದರು. ವ್ಯಾಪಾರದ ಮಾತಾಗಿರಲಿಲ್ಲ ಅದು. ಆ ಎರಡೂ ಕುದುರೆಗಿಂತ ಅಗ್ಗದವು.

ನನಗೆ ಕೇಳಿಸಿದ್ದು ಬೇರೆಯೇ ಮಾತು. ನಮ್ಮ ಮನೆಯ ಜಗಲಿ, ಹಾಸಿದ ಜಮಖಾನ, ಉಪ್ಪಿಟ್ಟಿನ ತಟ್ಟೆಗಳು.

ಅಕ್ಕನ ನಕ್ಷತ್ರ ಮೂಲಾ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗದು ಎಂಬ ಮಾತನ್ನು ಓದುಗರು ಕೇಳಿಯೇ ಇರುತ್ತೀರಿ. ಅಕ್ಕ ಚೆಂದ, ಜಾಣೆ. ಗಣಿತದಲ್ಲಿ ನನಗೆ ದಾರಿ ತೋರಿಸಿದವಳೇ ಅವಳು. ಗಂಡಿನ ಕಡೆಯವರು ಬರುತ್ತಿದ್ದರು, ಒಪ್ಪುತ್ತಿದ್ದರು, ಜಾತಕ ಬಿಚ್ಚುತ್ತಿದ್ದರು, ಲೋಟ ಕೆಳಗಿಡುತ್ತಿದ್ದರು. ಒಂದಲ್ಲ, ಐದು ಸಲ. ಕೊನೆಯ ಸಲ ನಾನು ಬಿ.ಎಸ್ಸಿ. ಮುಗಿಸಿದ್ದೆ. ಮೂಲಾ ಎಂದರೆ ವೃಶ್ಚಿಕದ ಬಾಲದಲ್ಲಿರುವ ನಕ್ಷತ್ರಗಳ ಗುಂಪು, ಅವುಗಳ ಬೆಳಕು ನಮ್ಮನ್ನು ತಲುಪಲು ನೂರಾರು ವರ್ಷ ಬೇಕು, ಅವುಗಳಿಗೂ ಯಾರದೋ ಮನೆಯ ಮಾವನಿಗೂ ಸಂಬಂಧವಿಲ್ಲ ಎಂದು ಹೇಳುವಷ್ಟು ಓದಿದ್ದೆ. ಕಂಬಕ್ಕೊರಗಿ ನಿಂತಿದ್ದೆ. ಏನೂ ಹೇಳಲಿಲ್ಲ. ಕಡೆಗೆ 1995ರಲ್ಲಿ, ಮಾವ ಮೊದಲೇ ತೀರಿಹೋಗಿದ್ದ ಮನೆಯೊಂದು ಸಿಕ್ಕಿತು. ಅಕ್ಕನಿಗೆ ಆಗ ಇಪ್ಪತ್ತೊಂಬತ್ತು. ಭಾವ ಒಳ್ಳೆಯವರು, ಸಂಸಾರ ಚೆನ್ನಾಗಿದೆ. ಆದರೆ ಆ ಏಳೆಂಟು ವರ್ಷ ಅವಳು ಒಳಮನೆಯಲ್ಲಿ ಕಳೆದದ್ದನ್ನು ಯಾರೂ ಹಿಂದಕ್ಕೆ ಕೊಡಲಾರರು.

‘ಇದೆಲ್ಲ ನಾವು ನೋಡುವುದಿಲ್ಲ, ನಾನು ವಿಜ್ಞಾನದ ಮೇಷ್ಟ್ರು’ ಎಂದೆ ಯಜಮಾನರಿಗೆ, ಕೊಂಚ ಗತ್ತಿನಿಂದಲೇ. ಪಕ್ಕದಲ್ಲಿದ್ದ ಮಗಳು ಕನ್ನಡದಲ್ಲಿ, ‘ಅಪ್ಪ, ನನ್ನ ಮದುವೇಲಿ ಜಾತಕ ಕೊಟ್ಟಿದ್ರಲ್ಲ’ ಎಂದಳು. ಜಗಳದ ದನಿ ಇರಲಿಲ್ಲ. ನಿಜವನ್ನು ಹೇಳಿದಳು ಅಷ್ಟೆ. ಕೊಟ್ಟಿದ್ದೆ. ಅವರು ಕೇಳಿದರು, ಇವಳ ನಕ್ಷತ್ರ ಒಳ್ಳೆಯದಿತ್ತು, ಕೊಟ್ಟೆ. ಅನುಕೂಲವಾದಾಗ ಸುಮ್ಮನಿರುವುದೂ ನಂಬಿಕೆಯ ಒಂದು ರೂಪವೇ ತಾನೆ?

ಕುದುರೆಯನ್ನೇ ಕೊಂಡೆ. ಓಡುತ್ತಿರುವ ಹಸಿರು ಕುದುರೆ, ಕೆಂಪು ದಾರ.

ಬೆಂಕಿಯ ಕುದುರೆಯ ಕಥೆ ಅತ್ಯಂತ ಘೋರವಾಗಿರುವುದು ಜಪಾನಿನಲ್ಲಿ. ಚೀನಾದಿಂದ ಹೋದ ಈ ಪಂಚಾಂಗಕ್ಕೆ ಅಲ್ಲಿ ಒಂದು ಬಾಲ ಬೆಳೆಯಿತು. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ತಿನ್ನುತ್ತಾಳೆ ಎಂದು. ಬೆಂಕಿ ಹಚ್ಚಿದ ಅಪರಾಧಕ್ಕಾಗಿ 1683ರಲ್ಲಿ ಸುಟ್ಟು ಕೊಲ್ಲಲ್ಪಟ್ಟ ಓಶಿಚಿ ಎಂಬ ಹುಡುಗಿ 1666ರ ಬೆಂಕಿ ಕುದುರೆಯ ವರ್ಷದಲ್ಲಿ ಹುಟ್ಟಿದ್ದಳೆಂಬ ಕಥೆ ನಂಬಿಕೆಯನ್ನು ಗಟ್ಟಿ ಮಾಡಿತು. ಮುನ್ನೂರು ವರ್ಷಗಳ ನಂತರ ಏನಾಯಿತು ನೋಡಿ. ಜಪಾನಿನಲ್ಲಿ 1965ರಲ್ಲಿ ಹುಟ್ಟಿದ ಮಕ್ಕಳು ಸುಮಾರು 18 ಲಕ್ಷ 20 ಸಾವಿರ. 1966ರಲ್ಲಿ ಸುಮಾರು 13 ಲಕ್ಷ 60 ಸಾವಿರ. 1967ರಲ್ಲಿ ಮತ್ತೆ 19 ಲಕ್ಷ ದಾಟಿತು. ಒಂದೇ ವರ್ಷ, ಕಾಲು ಭಾಗದಷ್ಟು ಇಳಿತ. ಯುದ್ಧವಿಲ್ಲ, ಬರವಿಲ್ಲ. ಶಿಂಕಾನ್‌ಸೆನ್ ರೈಲು ಓಡುತ್ತಿದ್ದ, ಒಲಿಂಪಿಕ್ಸ್ ನಡೆಸಿ ಎರಡು ವರ್ಷವಾಗಿದ್ದ ಜಪಾನ್ ಅದು. ಹೆಣ್ಣು ಮಗು ಹುಟ್ಟಿಬಿಟ್ಟರೆ ಎಂಬ ಹೆದರಿಕೆ ಮಾತ್ರ.

ಆ ಅರವತ್ತು ವರ್ಷಗಳ ಚಕ್ರ ತಿರುಗಿ ಬೆಂಕಿಯ ಕುದುರೆ ಮತ್ತೆ ಬರುವುದು 2026ರಲ್ಲಿ. ಇನ್ನೊಂದು ತಮಾಷೆಯಿದೆ. 1966ರ ಯುಗಾದಿಗೆ ನಮ್ಮಲ್ಲಿ ಬಂದ ಸಂವತ್ಸರದ ಹೆಸರು ಪರಾಭವ. 2026ರ ಯುಗಾದಿಗೂ ಅದೇ. ಪರಾಭವ ಎಂದರೆ ಸೋಲು! ಆದರೆ ಸೋಲಿನ ವರ್ಷವೆಂದು ನಮ್ಮವರು ಮಗು ಹೆರುವುದನ್ನು ಮುಂದೂಡಲಿಲ್ಲ. ನಾವು ಬುದ್ಧಿವಂತರೆಂದಲ್ಲ. ನಾವು ಹೆದರಲು ಸಂವತ್ಸರ ಬಿಟ್ಟು ನಕ್ಷತ್ರವನ್ನು ಆರಿಸಿಕೊಂಡೆವು. ಜಪಾನಿಗೆ ಮೂಲಾ ಗೊತ್ತಿಲ್ಲ, ನಮಗೆ ಬೆಂಕಿ ಕುದುರೆ ಗೊತ್ತಿಲ್ಲ. ನಿಜವಾದ ಅಪಾಯವಾಗಿದ್ದರೆ ಎರಡು ಕಡೆಯೂ ಒಂದೇ ಆಗಿರಬೇಕಿತ್ತಲ್ಲವೇ? ನೀರು ಎಲ್ಲ ಊರಿನಲ್ಲೂ ಕೆಳಕ್ಕೇ ಹರಿಯುತ್ತದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಅಕ್ಕನಿಗೆ ಕೊಡುವ ಮೊದಲು ಕುದುರೆಯನ್ನು ಹತ್ತನೆಯ ತರಗತಿಗೆ ಒಯ್ದೆ. ಜೇಡ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಖನಿಜಗಳಿವೆ. ನೆಫ್ರೈಟ್ ಎಂಬುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನ ಸಿಲಿಕೇಟು, ಚೀನೀಯರು ಸಾವಿರಾರು ವರ್ಷಗಳಿಂದ ಕೆತ್ತಿದ್ದು ಇದನ್ನೇ. ಜೇಡೈಟ್ ಎಂಬುದು ಸೋಡಿಯಂ ಮತ್ತು ಅಲ್ಯೂಮಿನಿಯಂನದು, 18ನೆಯ ಶತಮಾನದಲ್ಲಿ ಬರ್ಮಾದಿಂದ ಹೇರಳವಾಗಿ ಬರತೊಡಗಿದ್ದು. ಇವು ಬೇರೆ ಬೇರೆ ಎಂದು 1863ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಡಾಮೂರ್. ಕೆಂಪು ದಾರ ಬಿಚ್ಚಿ ತ್ರಾಸಿನಲ್ಲಿ ತೂಗಿದೆವು. ಗಾಳಿಯಲ್ಲಿ 8.85 ಗ್ರಾಂ. ಎಳೆಯಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 5.85 ಗ್ರಾಂ. ಮಕ್ಕಳೇ ಭಾಗಿಸಿದರು: 2.95. ಮಾಮೂಲು ಗಾಜಾಗಿದ್ದರೆ 2.5ರ ಸುತ್ತ, ಜೇಡೈಟ್ ಆಗಿದ್ದರೆ 3.3ರ ಸುತ್ತ ಬರಬೇಕಿತ್ತು. ನೆಫ್ರೈಟಿಗೆ ಸರಿಹೊಂದುವ ಅಂಕಿ. ಯಜಮಾನರು ಮೋಸ ಮಾಡಿರಲಿಲ್ಲ.

ಆಮೇಲೆ ಎಲ್ಲರೂ ತಮ್ಮ ತಮ್ಮ ಪ್ರಾಣಿ ಲೆಕ್ಕ ಹಾಕಿದರು. ನಲವತ್ತೆರಡು ಮಕ್ಕಳು, ಎಲ್ಲರೂ 2009 ಅಥವಾ 2010. ಮಣ್ಣಿನ ಎತ್ತು, ಇಲ್ಲವೇ ಲೋಹದ ಹುಲಿ. ಮೂರನೆಯದಿಲ್ಲ! ಮೊದಲ ಬೆಂಚಿನವನೂ ಹುಲಿ, ಕೊನೆಯ ಬೆಂಚಿನವನೂ ಹುಲಿ. ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾನು ಉಪನ್ಯಾಸ ಕೊಡಬೇಕಾಗಲೇ ಇಲ್ಲ.

ಅವರಿಗೆ ವಾಂಗ್ ಚುಂಗ್ ಎಂಬಾತನ ವಿಷಯ ಹೇಳಿದೆ. ಕ್ರಿ.ಶ. 27ರಲ್ಲಿ ಚೀನಾದಲ್ಲೇ ಹುಟ್ಟಿದ ಬಡ ವಿದ್ವಾಂಸ. ‘ಲುನ್ ಹೆಂಗ್’ ಎಂಬ ತನ್ನ ಗ್ರಂಥದಲ್ಲಿ ಆತ ಎತ್ತಿದ ಪ್ರಶ್ನೆ ಸರಳವಾದದ್ದು. ಇಲಿ ನೀರಿನ ತತ್ವ, ಕುದುರೆ ಬೆಂಕಿಯ ತತ್ವ. ನೀರು ಬೆಂಕಿಯನ್ನು ಗೆಲ್ಲುವುದಾದರೆ ಇಲಿ ಕುದುರೆಯನ್ನು ಅಟ್ಟಿಸಿಕೊಂಡು ಹೋಗಬೇಕಲ್ಲ? ಹುಂಜ ಲೋಹ, ಮೊಲ ಮರ. ಹುಂಜ ಮೊಲವನ್ನು ಕುಕ್ಕಿ ತಿನ್ನುವುದಿಲ್ಲವೇಕೆ? ಚೀನೀಯರನ್ನು ನಗಲು ಹೊರಗಿನವರು ಬೇಕಿಲ್ಲ, ನಮ್ಮನ್ನು ನಗಲೂ ಬೇಕಿಲ್ಲ. ಪ್ರಶ್ನೆ ಕೇಳುವವರು ಎಲ್ಲ ಮನೆಯಲ್ಲೂ ಹುಟ್ಟುತ್ತಾರೆ. ಬಾಯಿ ಬಿಡಬೇಕು, ಅಷ್ಟೆ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಕುದುರೆ ಕೊಟ್ಟು, ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು. ‘ಅಲ್ಲ ಕಣೋ, ಸಮುದ್ರ ದಾಟಿ ಹೋದರೂ ನನ್ನ ಹುಟ್ಟಿಗೊಂದು ದೋಷ ಕಾದುಕೊಂಡು ಕೂತಿತ್ತಲ್ಲ!’

‘ಅಕ್ಕ, ಅವತ್ತು ನಾನು ಏನೂ ಹೇಳಲಿಲ್ಲ’ ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

ಸ್ವಲ್ಪ ಹೊತ್ತು ಕುದುರೆಯ ಮೇಲೆ ಬೆರಳಾಡಿಸಿದಳು. ‘ನೀನು ಹೇಳಿದ್ದರೂ ಯಾರು ಕೇಳುತ್ತಿದ್ದರು ಬಿಡು’ ಎಂದಳು. ಮತ್ತೆ ತಾನೇ, ‘ಆದರೆ ಒಳಮನೆಯಲ್ಲಿ ನನಗೆ ಕೇಳಿಸುತ್ತಿತ್ತು’ ಎಂದಳು.

ಮಗನ ಮದುವೆಯ ಮಾತು ಈಗೀಗ ಮನೆಯಲ್ಲಿ ಬರುತ್ತಿದೆ. ಯಾರ ಜಾತಕವನ್ನೂ ಕೇಳುವುದಿಲ್ಲ, ನಮ್ಮದನ್ನು ಕೊಡುವುದೂ ಇಲ್ಲ ಎಂದು ಹೇಳಿಬಿಟ್ಟಿದ್ದೇನೆ. ಹೆಂಡತಿ ಇನ್ನೂ ಒಪ್ಪಿಲ್ಲ. ಒಪ್ಪಿಸುವ ಕೆಲಸ ನನ್ನದು, ಕಂಬಕ್ಕೊರಗಿ ನಿಲ್ಲುವ ವಯಸ್ಸು ಮುಗಿಯಿತು.

ಕುದುರೆಯನ್ನು ಅಕ್ಕ ಕರಿಮಣಿಯ ಜೊತೆಗೇ ಹಾಕಿಕೊಂಡಿದ್ದಾಳೆ. ಅದೃಷ್ಟಕ್ಕಲ್ಲ. ಕೇಳಿದವರಿಗೆ, ‘ತಮ್ಮ ತಂದದ್ದು, ಚೆನ್ನಾಗಿದೆ ಅಲ್ವಾ?’ ಎನ್ನುತ್ತಾಳಂತೆ.